ಬೆಳಗಿನ ಮೊದಲ ಐದು ಕಿಲೋಮೀಟರ್

ಆಕಾಶವಾಣಿಯ ಎಲ್ಲ ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ಈಗ ಕಾಫಿ ಕೊಯ್ಲಿನ ಕಾಲ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಹೊತ್ತು ಏರಿದರೂ ಮಂಜು ಕರಗುವುದಿಲ್ಲ. ಉತ್ತರದಲ್ಲೂ ಚಳಿ ಕಡಿಮೆಯೇನಲ್ಲ. ಬೀದರ್, ವಿಜಯಪುರದಲ್ಲಿ ಕೆಲವು ವರ್ಷ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ಇಂಥ ದಿನಗಳಲ್ಲಿ ಗ್ಯಾರೇಜಿಗೆ ಬೆಳಬೆಳಗ್ಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ. "ಅಣ್ಣಾ, ಗಾಡಿ ಸ್ಟಾರ್ಟ್ ಆಗ್ತಿಲ್ಲ. ಸೆಲ್ಫ್ ಹೊಡೆದ್ರೆ ಟಿಕ್ ಟಿಕ್ ಅಂತಿದೆ." ಅದೇ ಜನ ತಿಂಗಳ ಕೊನೆಗೆ ಕೇಳುವುದು ಇನ್ನೊಂದು ಪ್ರಶ್ನೆ. "ಮೈಲೇಜ್ ಯಾಕಣ್ಣಾ ಇಷ್ಟು ಬಿದ್ದಿದೆ?"

ಈ ಎರಡು ತೊಂದರೆಗೂ ಒಂದಕ್ಕೊಂದು ಸಂಬಂಧವಿಲ್ಲ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಊರೊಳಗೇ ಓಡುವ ಕಾರುಗಳಲ್ಲಿ ಎಷ್ಟೋ ಸಲ ಎರಡರ ಬೇರೂ ಒಂದೇ ಕಡೆ ಇರುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ಮುಗಿದುಹೋಗುವ ಓಡಾಟ ಅದು. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್, ಶಾಲೆಯಿಂದ ತರಕಾರಿ ಅಂಗಡಿಗೆ ಒಂದು, ಅಲ್ಲಿಂದ ಮನೆಗೆ. ಮತ್ತೆ ಸಂಜೆವರೆಗೆ ಗಾಡಿ ನಿಂತಲ್ಲೇ. ಇವತ್ತು ನಾನು ಮುಖ್ಯವಾಗಿ ಮಾತಾಡುವುದು ಈ ಮೊದಲ ಐದು ಕಿಲೋಮೀಟರಿನ ಬಗ್ಗೆ.

ಮೊದಲು ಬ್ಯಾಟರಿ. ಚಳಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಅದನ್ನು ತಿರುಗಿಸಲು ಸೆಲ್ಫ್ ಮೋಟಾರಿಗೆ ಹೆಚ್ಚು ಕರೆಂಟ್ ಬೇಕು. ಕೊಡುವ ಕೈ ಸೋತಾಗಲೇ ಬೇಡಿಕೆ ಹೆಚ್ಚು. ಇಷ್ಟಾದರೂ ನಮ್ಮ ನಾಡಿನ ಚಳಿ ಒಂದು ಒಳ್ಳೆಯ ಬ್ಯಾಟರಿಯನ್ನು ಕೊಲ್ಲುವಷ್ಟು ಜೋರಿನದಲ್ಲ. ಬ್ಯಾಟರಿ ಹಾಳಾಗುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಶಾಖಕ್ಕೆ ಒಳಗಿನ ಪ್ಲೇಟುಗಳು ಸವೆಯುತ್ತವೆ, ನೀರು ಆರುತ್ತದೆ. ಬೇಸಿಗೆಯಲ್ಲಾದ ಆ ಪೆಟ್ಟು ಡಿಸೆಂಬರಿನಲ್ಲಿ ಬಯಲಾಗುತ್ತದೆ, ಅಷ್ಟೇ. ಹಾಗಾಗಿ ಮೂರು ವರ್ಷ ದಾಟಿದ ಬ್ಯಾಟರಿಯನ್ನು ಚಳಿ ಶುರುವಾಗುವ ಮೊದಲೇ ಒಮ್ಮೆ ತೋರಿಸಿ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ. 12.2ಕ್ಕೆ ಬಂದರೆ ಅರ್ಧ ಖಾಲಿ. ಎಂಜಿನ್ ಓಡುತ್ತಿರುವಾಗ ಸುಮಾರು 14 ವೋಲ್ಟ್ ಬರಬೇಕು, ಬರದಿದ್ದರೆ ದೋಷ ಇರುವುದು ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನಲ್ಲೋ ಅದರ ಬೆಲ್ಟಿನಲ್ಲೋ. ಹೊಸ ಬ್ಯಾಟರಿ ಹಾಕಿಸಿ ದುಡ್ಡು ಕಳೆದುಕೊಳ್ಳಬೇಡಿ. ಟರ್ಮಿನಲ್ ಮೇಲೆ ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಗಾಡಿ ಸ್ಟಾರ್ಟ್ ಆಗುತ್ತದೆ.

ಒಂದು ಸಲ ಸೆಲ್ಫ್ ಹೊಡೆಯಲು ಬ್ಯಾಟರಿ ಕೊಟ್ಟ ಕರೆಂಟು ಮತ್ತೆ ತುಂಬಬೇಕಾದರೆ ಗಾಡಿ ಸ್ವಲ್ಪ ದೂರವಾದರೂ ಓಡಬೇಕು. ಎರಡು ಕಿಲೋಮೀಟರಿನಲ್ಲಿ, ಅದೂ ಹೆಡ್‌ಲೈಟ್, ವೈಪರ್, ಹಿಂದಿನ ಗಾಜಿನ ಮಂಜು ಬಿಡಿಸುವ ಡಿಫಾಗರ್ ಎಲ್ಲ ಹಾಕಿಕೊಂಡು ಹೋದರೆ, ತುಂಬುವುದು ಬಹಳ ಕಡಿಮೆ. ದಿನಕ್ಕೆ ನಾಲ್ಕು ಸಲ ತೆಗೆಯುವುದು, ತುಂಬುವುದು ಮಾತ್ರ ಸ್ವಲ್ಪ ಸ್ವಲ್ಪ. ಹೀಗೆ ಕೆಲವು ವಾರ ಕಳೆದ ಬ್ಯಾಟರಿ ಮಂಜು ಬಿದ್ದ ಬೆಳಿಗ್ಗೆ ಕೈಕೊಡದೆ ಇನ್ನೇನು ಮಾಡೀತು?

ಸೆಲ್ಫ್ ಹಿಡಿಯದಿದ್ದರೆ ಒಂದೇ ಸಮ ಕೀಲಿ ತಿರುಗಿಸಿ ಹಿಡಿಯಬೇಡಿ. ಐದಾರು ಸೆಕೆಂಡ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ, ಮತ್ತೆ ನೋಡಿ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕುವುದಾದರೆ ಮೊದಲು ಎರಡೂ ಬ್ಯಾಟರಿಯ ಪ್ಲಸ್ಸಿಗೆ ಪ್ಲಸ್ ಜೋಡಿಸಿ. ಆಮೇಲೆ ಚೆನ್ನಾಗಿರುವ ಬ್ಯಾಟರಿಯ ಮೈನಸ್ಸಿಗೆ ಒಂದು ತುದಿ. ಅದರ ಇನ್ನೊಂದು ತುದಿಯನ್ನು ನಿಂತಿರುವ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಕಚ್ಚಿಸಿ, ಬ್ಯಾಟರಿಗಲ್ಲ. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್‌ಗೆ ಕಿಡಿ ತಾಗಬಾರದು, ಅದಕ್ಕೇ ಈ ಕ್ರಮ. ಗೇರ್ ಹಾಕಿ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಹಳೆಯ ಉಪಾಯ ಆಟೊಮ್ಯಾಟಿಕ್ ಗಾಡಿಗಳಲ್ಲಿ ನಡೆಯುವುದಿಲ್ಲ. ಮ್ಯಾನುಯಲ್ ಪೆಟ್ರೋಲ್ ಕಾರಿನಲ್ಲೂ ಪದೇ ಪದೇ ಹಾಗೆ ಮಾಡಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಇಳಿದು ಅಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಅದರ ಬೆಲೆ ಬ್ಯಾಟರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಈಗ ಪೆಟ್ರೋಲಿನ ವಿಷಯ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲು ಬಂದ ಮಾರುತಿ 800 ಓಡಿಸಿದವರಿಗೆ ಚೋಕ್ ನೆನಪಿರುತ್ತದೆ. ಬೆಳಿಗ್ಗೆ ಚೋಕ್ ಎಳೆದರೆ ಒಳಗೆ ಹೋಗುವ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತಿತ್ತು. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಆವಿಯಾದಷ್ಟೇ ಉರಿಯುತ್ತದೆ, ಅದಕ್ಕೇ ಹೆಚ್ಚು ಸುರಿಯಬೇಕು. ಇಂದಿನ ಕಾರುಗಳಲ್ಲಿ ಚೋಕಿನ ಗುಂಡಿ ಹೋಗಿದೆ, ಆ ಕೆಲಸ ಮಾತ್ರ ಹಾಗೇ ಉಳಿದಿದೆ. ಸೆನ್ಸರ್ ಎಂಜಿನ್ನಿನ ಶಾಖ ನೋಡಿ ಕಂಪ್ಯೂಟರಿಗೆ ಹೇಳುತ್ತದೆ, ಇಂಜೆಕ್ಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಮೇಲಿರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವವರೆಗೂ ಈ ದುಂದು ನಡೆಯುತ್ತಲೇ ಇರುತ್ತದೆ. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್ ಹೋಗುವ ಕಾರಿನ ಬದುಕೆಲ್ಲ ಈ ದುಬಾರಿ ಹೊತ್ತಿನಲ್ಲೇ ಕಳೆಯುತ್ತದೆ.

ಹಾಗಾದರೆ ಮನೆಯ ಮುಂದೆ ಹತ್ತು ನಿಮಿಷ ಸ್ಟಾರ್ಟಿನಲ್ಲಿ ನಿಲ್ಲಿಸಿ ಬಿಸಿ ಮಾಡೋಣವೇ? ಬೇಡ. ನಿಂತಲ್ಲೇ ಉರಿಯುವ ಸಣ್ಣ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಕುಡಿಯುತ್ತದೆ, ಬಿಸಿಯಾಗುವುದು ಮಾತ್ರ ಬಹಳ ನಿಧಾನ. ಸ್ಟಾರ್ಟ್ ಮಾಡಿ, ಸೀಟ್ ಬೆಲ್ಟ್ ಹಾಕಿ, ಗಾಜು ಒರೆಸಿ, ಅರ್ಧ ನಿಮಿಷ ಬಿಟ್ಟು ಹೊರಡಿ. ಮೊದಲ ನಾಲ್ಕೈದು ಕಿಲೋಮೀಟರ್ ಆಕ್ಸಿಲರೇಟರ್ ಒತ್ತದೆ ಹಗುರವಾಗಿ ಓಡಿಸಿ. ಓಡುತ್ತಲೇ ಎಂಜಿನ್, ಗೇರ್‌ಬಾಕ್ಸ್, ಟೈರು ಎಲ್ಲವೂ ಒಟ್ಟಿಗೆ ಬಿಸಿಯಾಗುತ್ತವೆ. ಬೇರೆ ಬೇರೆ ಹೊತ್ತಿನ ನಾಲ್ಕು ಸಣ್ಣ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ತಣ್ಣಗೆ ಶುರುಮಾಡುವ ಸಲಗಳು ನಾಲ್ಕರಿಂದ ಒಂದಕ್ಕೆ ಇಳಿಯುತ್ತವೆ. ಒಂದು ಕಿಲೋಮೀಟರಿನ ಅಂಗಡಿಗೆ ನಡೆದೇ ಹೋದರೆ ಇನ್ನೂ ಒಳ್ಳೆಯದು. ಪೇಟೆಯಲ್ಲಿ ಮಾರುವ ಯಾವ ಬಾಟಲಿ ಔಷಧವೂ ಇಷ್ಟು ಪೆಟ್ರೋಲ್ ಉಳಿಸಿದ್ದನ್ನು ನಾನು ಕಂಡಿಲ್ಲ.

ಡೀಸೆಲ್ ಕಾರಿನವರಿಗೆ ಇದು ಇನ್ನೂ ಮುಖ್ಯ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಡದ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಅದಕ್ಕೆ ನೆರವಾಗಲು ಗ್ಲೋ ಪ್ಲಗ್ ಇದೆ. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಸುರುಳಿಯಂಥ ಒಂದು ಹಳದಿ ದೀಪ ಬರುತ್ತದಲ್ಲ, ಅದು ಆರುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯಿರಿ. ಇದು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. 2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯ ತಡೆಯುವ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಇದೆ. ಆ ಮಸಿ ಸುಟ್ಟುಹೋಗಲು ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಶಾಖ ಬೇಕು. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಗೆ ಆ ಶಾಖ ಸಿಗುವುದೇ ಇಲ್ಲ. ಮಸಿ ತುಂಬುತ್ತದೆ, ದೀಪ ಬರುತ್ತದೆ, ಪಿಕಪ್ ಸಾಯುತ್ತದೆ. ಮಾರುವಾಗಲೇ ಶೋರೂಮಿನವರು ಇದನ್ನು ಬಿಡಿಸಿ ಹೇಳಬೇಕಿತ್ತು. ಹೇಳದೆ ಇದ್ದದ್ದಕ್ಕೆ ಎಷ್ಟೋ ಮನೆಗಳು ದಂಡ ತೆತ್ತಿವೆ, ನನಗೆ ಅದು ಬೇಸರದ ಸಂಗತಿ. ದಿನದ ಓಡಾಟ ಕಡಿಮೆ ಇರುವವರು ಡೀಸೆಲ್ ಕೊಳ್ಳದಿರುವುದೇ ಸರಿ. ಈಗಾಗಲೇ ಇದ್ದರೆ ವಾರಕ್ಕೊಮ್ಮೆ ಹೆದ್ದಾರಿಗೆ ಒಯ್ದು ಇಪ್ಪತ್ತು, ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ.

ಇನ್ನು ಲೆಕ್ಕ. ಮೈಲೇಜ್ ಬಿದ್ದಿದೆ ಎನ್ನುವವರಲ್ಲಿ ನಿಜವಾಗಿ ಅಳೆದವರು ಕಡಿಮೆ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮಾಮೂಲಿನಂತೆ ಓಡಿಸಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. 420 ಕಿಲೋಮೀಟರ್ ಓಡಿ 28 ಲೀಟರ್ ಹಿಡಿದರೆ ಲೀಟರಿಗೆ 15. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಸುಮಾರು 6 ರೂಪಾಯಿ 90 ಪೈಸೆ. ಅದೇ ಕಾರು ಲೀಟರಿಗೆ 12ಕ್ಕೆ ಇಳಿದರೆ 8 ರೂಪಾಯಿ 60 ಪೈಸೆ ಆಗುತ್ತದೆ. ತಿಂಗಳಿಗೆ 1000 ಕಿಲೋಮೀಟರ್ ಓಡಿಸುವವರಿಗೆ 1700 ರೂಪಾಯಿ ವ್ಯತ್ಯಾಸ. ಕಂಪನಿ ಹೇಳುವ ಸಂಖ್ಯೆಯನ್ನು ಮಾತ್ರ ಇದಕ್ಕೆ ಹೋಲಿಸಬೇಡಿ. ಅದು ಪ್ರಯೋಗಾಲಯದ ರೋಲರ್ ಮೇಲೆ, ಎಸಿ ಹಾಕದೆ, ನಿಗದಿಯಾದ ವೇಗದಲ್ಲಿ ಓಡಿಸಿ ಪಡೆದದ್ದು. ನಿಮ್ಮ ಕಾರನ್ನು ಅದರದೇ ಹಿಂದಿನ ತಿಂಗಳ ಲೆಕ್ಕಕ್ಕೆ ಹೋಲಿಸಿ.

ಬೆಲೆ ನಮ್ಮ ಕೈಯಲ್ಲಿಲ್ಲ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿವೆ. ಕೇಂದ್ರದ ಎಕ್ಸೈಸ್ ಸುಂಕ, ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಪೆಟ್ರೋಲಿನ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿಗೆ 3 ರೂಪಾಯಿ ಹೆಚ್ಚಿತು. ಡೀಸೆಲಿನ ತೆರಿಗೆ 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿ ಶೇಕಡ 21.17 ಆಯಿತು. ರಾಜ್ಯಕ್ಕೊಂದು ತೆರಿಗೆ ಇರುವುದರಿಂದಲೇ ಕಾರವಾರದವರು ಗೋವಾ ಗಡಿ ದಾಟಿ ಟ್ಯಾಂಕ್ ತುಂಬಿಸುತ್ತಾರೆ, ಕಾಸರಗೋಡಿನವರು ನಮ್ಮ ತಲಪಾಡಿ ಕಡೆ ಬರುತ್ತಾರೆ.

ಇದರ ಜೊತೆಗೆ ಇ20 ಬಂದಿದೆ. ಕಬ್ಬು ಮುಂತಾದವುಗಳಿಂದ ತೆಗೆಯುವ ಎಥನಾಲ್ ಶೇಕಡ 20ರಷ್ಟು ಬೆರೆತ ಈ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇಕಡ ಆರೇಳರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಶಕ್ತಿ ಕಡಿಮೆಯಾದಷ್ಟು ಬೆಲೆಯೂ ಇಳಿಯಬೇಕಿತ್ತು, ಇಳಿದಿಲ್ಲ. ಇದು ಗಿರಾಕಿಗೆ ಆಗುತ್ತಿರುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಳೆಯ ಕಾರು ಇಟ್ಟುಕೊಂಡವರು ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪು, ವಾಷರ್, ಫಿಲ್ಟರ್ ತೋರಿಸಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಖಾಲಿ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಬೇಡಿ.

ಬೆಳಿಗ್ಗೆ ತಣ್ಣಗಿದ್ದಾಗ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಬರುತ್ತದೆ ಎನ್ನುವ ಮಾತಿದೆ. ಬಂಕಿನ ಟ್ಯಾಂಕು ನೆಲದೊಳಗಿದೆ, ಅಲ್ಲಿ ಹಗಲು ರಾತ್ರಿಯ ಶಾಖದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಅಳತೆಯ ಮೇಲೆ ಅನುಮಾನ ಬಂದರೆ ಜಗಳ ಬೇಡ. ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು, ಅದರಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ, ಟೈರು ತಣ್ಣಗಿರುವಾಗ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲೇ ಇದೆ. ಎಂಜಿನ್ ಆಯಿಲ್ ಬದಲಿಸಲು 10,000 ಕಿಲೋಮೀಟರ್ ಆಗಲಿ ಎಂದು ಕಾಯಬೇಡಿ. ಕಡಿಮೆ ಓಡುವ ಕಾರಿನಲ್ಲಿ ಉರಿಯದ ಪೆಟ್ರೋಲೂ ತೇವಾಂಶವೂ ಆಯಿಲಿಗೆ ಸೇರುತ್ತವೆ, ಅದಕ್ಕೇ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಕೊನೆಯದಾಗಿ, ಪೆಟ್ರೋಲ್ ಉಳಿಸುವ ಹೆಸರಿನಲ್ಲಿ ನಡೆಯುವ ಒಂದು ಅಪಾಯದ ಬಗ್ಗೆ ಹೇಳಲೇಬೇಕು. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವವರು ಈಗಲೂ ಇದ್ದಾರೆ, ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಇಂಜೆಕ್ಟರ್ ಇರುವ ಗಾಡಿಯಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಉರಿಯಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಎಂಜಿನ್ ಆಫ್ ಆದರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಕೂಡ ಬಿಗಿಯುತ್ತದೆ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಹಾಕಿ. ಇಷ್ಟಾಗಿಯೂ ಬ್ರೇಕಿನಿಂದ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ, ಸೀಳಬಹುದು.

ನಮಸ್ಕಾರ.