ನೋಡದ ದಿನಕ್ಕೆ ಸೊನ್ನೆ ಬರೆಯಬೇಡಿ

(ವಿಶ್ವ ಹವಾಮಾನ ದಿನದಂದು ಮಂಡ್ಯದಲ್ಲಿ ಕೃಷಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಮಾನ್ಯ ಅಧ್ಯಕ್ಷರೇ, ಪ್ರಾಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಹವಾಮಾನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ವೇದಿಕೆ ಹತ್ತಿದರೆ ಈ ಸಲದ ಮುಂಗಾರು ಹೇಗಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹೇಳಲು ಇಲಾಖೆಯಿದೆ. ನಾನು ಮಾತನಾಡಬೇಕೆಂದಿರುವುದು ಮುನ್ಸೂಚನೆಗೆ ಆಧಾರವಾದ ಕೆಲಸದ ಬಗ್ಗೆ: ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಬಳಿ ಹೋಗಿ, ಕಂಡದ್ದನ್ನು ಕಂಡಂತೆ ಪುಸ್ತಕದಲ್ಲಿ ಬರೆಯುವ ಕೆಲಸ. 1875ರಲ್ಲಿ ಸ್ಥಾಪನೆಯಾದ ನಮ್ಮ ಇಲಾಖೆಯ ವಿಜ್ಞಾನವೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಪುಸ್ತಕದ ಮೇಲೆ.

ಮಂಡ್ಯದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಜುಲೈ ಬಂತೆಂದರೆ ಕನ್ನಂಬಾಡಿ ಕಟ್ಟೆ ತನ್ನ ತುಂಬುಮಟ್ಟವಾದ 124.80 ಅಡಿ ಮುಟ್ಟಿತೇ ಎಂದು ಇಡೀ ಜಿಲ್ಲೆ ಕೇಳುತ್ತದೆ, ಅಲ್ಲಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರೆ ಮಾತ್ರ ಭತ್ತದ ನಾಟಿ. ಆ ನೀರಿನ ಬಹುಪಾಲು ಕೊಡಗಿನ ಕಡೆಯ ಮಳೆ. ಆದ್ದರಿಂದ ಅಲ್ಲಿಯ ಯಾವುದೋ ಗುಡ್ಡದ ಮೇಲೆ ಒಬ್ಬಾತ ಎಷ್ಟು ನಿಷ್ಠೆಯಿಂದ ಮಳೆ ಅಳೆಯುತ್ತಾನೆ ಎಂಬುದು ಇಲ್ಲಿಯ ಗದ್ದೆಗೂ ಸಂಬಂಧಪಟ್ಟ ವಿಷಯ.

ಅಂಥ ಒಬ್ಬರನ್ನು ನಾನು ಕೊಡಗಿನ ಒಂದು ಕಾಫಿ ತೋಟದಲ್ಲಿ ಕಂಡೆ. ತೋಟದ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರು. ಕೊಡಗಿನ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು, ಸೆಂಟುಗಳಲ್ಲಿ ಲೆಕ್ಕ ಹಾಕುತ್ತಾರೆ; ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಇಷ್ಟು ಸೆಂಟು ಬಂತು ಎಂಬುದು ಅಲ್ಲಿ ಮನೆಮನೆಯ ಮಾತು. ಈ ರೈಟರು ಅಳೆಯುವ ಗಾಜನ್ನು ಮಟ್ಟದ ಕಲ್ಲಿನ ಮೇಲಿಟ್ಟು, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ನೀರಿನ ಬಾಗಿದ ಮೇಲ್ಮೈಯ ಕೆಳ ಅಂಚನ್ನೇ ಓದುತ್ತಿದ್ದರು. ಪುಸ್ತಕ ತಿರುವಿ ಹಾಕುವಾಗ ಜೂನ್ ತಿಂಗಳಲ್ಲಿ ಎರಡು ದಿನದ ಅಂಕಿ ಬರೆಯುವ ಮನೆ ಖಾಲಿ ಇರುವುದು ಕಂಡಿತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ಮಗಳ ಮದುವೆ, ನೋಡಿಲ್ಲ’ ಎಂದು ಬರೆದಿತ್ತು. ಮೂರನೆಯ ದಿನದ ಅಂಕಿಯ ಎದುರು ‘ಮೂರು ದಿನದ್ದು ಸೇರಿ’ ಎಂದಿತ್ತು. ಯಾರೂ ಕಲಿಸದೆ ಬಂದ ಈ ಶಿಸ್ತನ್ನು ನೋಡಿ ನಾನು ಅವರ ಕೈ ಹಿಡಿದುಕೊಂಡೆ. ‘ಇದರಲ್ಲೇನಿದೆ ಸ್ವಾಮಿ, ಇಲ್ಲದ್ದನ್ನು ಬರೆಯೋದು ಹೇಗೆ?’ ಎಂದರು.

ಇದಕ್ಕೆ ವ್ಯತಿರಿಕ್ತವಾದ ಪುಸ್ತಕಗಳೂ ನನ್ನ ಕೈಗೆ ಬಂದಿವೆ. ಬಯಲುಸೀಮೆಯ ಒಂದು ಕಚೇರಿಯ ದಾಖಲೆಯಲ್ಲಿ ವರ್ಷಗಟ್ಟಲೆ ಭಾನುವಾರಗಳಿಗೆಲ್ಲ ಸೊನ್ನೆ, ಸೋಮವಾರಗಳಿಗೆ ದೊಡ್ಡ ದೊಡ್ಡ ಅಂಕಿ. ತೋರಿಸಿದಾಗ ಸುತ್ತ ಇದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ತಿಂಗಳ ಮೊತ್ತ ಸರಿಯಾಗಿಯೇ ಇರುತ್ತದೆ, ಕೆಡುವುದು ದಿನದ ಲೆಕ್ಕ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಮಳೆಯ ದಿನ ಎನ್ನುತ್ತೇವೆ. ಆ ಎಣಿಕೆ ತಪ್ಪುತ್ತದೆ. ಒಂದೇ ದಿನದಲ್ಲಿ ಬಿದ್ದ ಅತಿ ಹೆಚ್ಚು ಮಳೆ ಎಷ್ಟೆಂದು ನೋಡಿ ಸೇತುವೆ, ಮೋರಿ, ಕೆರೆಕೋಡಿಗಳ ಅಳತೆ ನಿರ್ಧರಿಸುವ ಎಂಜಿನಿಯರನಿಗೆ ಎರಡು ದಿನದ ಮಳೆ ಒಂದೇ ದಿನದ್ದಾಗಿ ಕಾಣುತ್ತದೆ. ಖಾಲಿ ಬಿಟ್ಟಿದ್ದರೆ ನಾವು ಅಕ್ಕಪಕ್ಕದ ಕೇಂದ್ರಗಳ ನೆರವಿನಿಂದ ಅಂದಾಜಾದರೂ ಮಾಡಬಹುದಿತ್ತು. ನೋಡದ ದಿನಕ್ಕೆ ಸೊನ್ನೆ ಬರೆದವನು ಆ ದಾರಿಯನ್ನೂ ಮುಚ್ಚುತ್ತಾನೆ.

ಇಲ್ಲಿ ಹವಾಮಾನ ವಿಜ್ಞಾನಿ ಅಣ್ಣಾ ಮಣಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಧ್ಯಯನ ಮಾಡಿದರೂ ಸ್ನಾತಕೋತ್ತರ ಪದವಿಯಿಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ದೊರೆಯದ ಅವರು, ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು 1948ರಲ್ಲಿ ಪುಣೆಯಲ್ಲಿ ಇಲಾಖೆಗೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಸುಮಾರು ನೂರು ಉಪಕರಣಗಳನ್ನು ಇಲ್ಲಿಯೇ ತಯಾರಿಸಲು ನಕ್ಷೆ ಸಿದ್ಧಪಡಿಸಿದರು, ಸೌರವಿಕಿರಣ ಅಳೆಯುವ ಕೇಂದ್ರಗಳನ್ನು ದೇಶದ ಹಲವೆಡೆ ಸ್ಥಾಪಿಸಿದರು, ಓಜೋನ್ ಅಳೆಯುವ ಸಾಧನವನ್ನು ಇಲ್ಲಿಯೇ ರೂಪಿಸಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು. 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೂ ಕೆಲಸ ಬಿಡಲಿಲ್ಲ. 1980ರಲ್ಲಿ ಹೊರಬಂದ ಅವರ ಸೌರವಿಕಿರಣದ ಕೈಪಿಡಿ ಸೌರಶಕ್ತಿಯ ಎಂಜಿನಿಯರುಗಳಿಗೆ ಆಕರವಾಯಿತು. ಸರ್ಕಾರಿ ಸೇವೆಯಲ್ಲಿ ವಿಜ್ಞಾನ ಸಾಧ್ಯವೇ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಕೊಡುವ ಉತ್ತರ ಈ ಹೆಸರು.

ಅಧ್ಯಕ್ಷರು ಗಡಿಯಾರ ನೋಡಿದರು. ಗಾಳಿಯ ಮಾಲಿನ್ಯದ ಬಗ್ಗೆ ಹೇಳಬೇಕೆಂದಿದ್ದೆ, ಅದನ್ನು ಬಿಡುತ್ತೇನೆ. ಸ್ವಯಂಚಾಲಿತ ಮಳೆಮಾಪಕದ ಬಗ್ಗೆ ಮಾತ್ರ ಎರಡು ಮಾತು. ಈಗ ಗ್ರಾಮ ಪಂಚಾಯಿತಿಗಳಲ್ಲೂ ಅವು ಬಂದಿವೆ, ಬಹಳ ಒಳ್ಳೆಯದು. ಆದರೆ ಅದರ ಬಾಯಿಗೆ ತರಗೆಲೆ ಬಿದ್ದು, ಜೇಡ ಬಲೆ ಕಟ್ಟಿ, ಹಕ್ಕಿ ಹಿಕ್ಕೆ ಹಾಕಿ ನೀರು ಇಳಿಯದೆ ಹೋದರೆ ಯಂತ್ರವೂ ಸೊನ್ನೆಯನ್ನೇ ಕಳಿಸುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆ ಅಂಥ ಅಂಕಿಗಳನ್ನೇ ನೆಚ್ಚಿರುವಾಗ, ಅತಿವೃಷ್ಟಿಯಿಂದ ಬೆಳೆ ಕಳೆದುಕೊಂಡ ರೈತನಿಗೆ ಆ ಸೊನ್ನೆಯಿಂದ ಪರಿಹಾರವೇ ತಪ್ಪಬಹುದು. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಮಾಪಕವಿದೆಯೇ, ಬಾಯಿ ಶುಚಿಯಾಗಿದೆಯೇ ಎಂದು ನಿಮ್ಮ ಊರಿಗೆ ಹೋದಾಗ ನೋಡಿ.

ಹಾಗೆಯೇ ನಾಡಕಚೇರಿಯಲ್ಲೋ, ಹಳೆಯ ತೋಟದ ಮನೆಯಲ್ಲೋ ಮಳೆ ಪುಸ್ತಕಗಳಿದ್ದರೆ, ಗೆದ್ದಲು ಹಿಡಿಯುವ ಮೊದಲು ಅನುಮತಿ ಪಡೆದು ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕಂಪ್ಯೂಟರಿಗೆ ಏರಿಸುವಾಗ ಖಾಲಿ ಮನೆಯನ್ನು ಖಾಲಿಯಾಗಿಯೇ ಉಳಿಸಿ, ಪಕ್ಕದ ಷರಾವನ್ನೂ ನಕಲು ಮಾಡಿ. ಓದಲಾಗದ ಪುಟಗಳಿದ್ದರೆ ತೆಗೆದುಕೊಂಡು ಬನ್ನಿ, ನಾನು ಮೈಸೂರಿನಲ್ಲೇ ಇರುತ್ತೇನೆ, ಕೂತು ಓದೋಣ. ನಮಸ್ಕಾರ.