ಗಂಡಸರೇ, ಈ ಸಲ ನೀವು ಬನ್ನಿ

ಕೇಳುಗರಿಗೆ ನಮಸ್ಕಾರ. ತೋಟದ ಕೆಲಸ ಮುಗಿಸಿ ಜಗಲಿಯಲ್ಲಿ ಕೂತಿರುವ ಗಂಡಸರಿಗೆ, ಅದರಲ್ಲೂ 'ಇಬ್ಬರು ಮಕ್ಕಳಾದರು, ಇನ್ನು ಸಾಕು' ಎಂದು ತೀರ್ಮಾನಿಸಿದವರಿಗೆ ಇವತ್ತಿನ ಮಾತು: ಗಂಡಸರ ಸಂತಾನಹರಣ ಆಪರೇಷನ್, ಅಂದರೆ ವ್ಯಾಸೆಕ್ಟಮಿ. ಮನೆಯವರನ್ನೂ ಹತ್ತಿರ ಕರೆದುಕೊಳ್ಳಿ.

ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಗಂಡ ಮಾಡಿಸಿಕೊಂಡ ಜೋಡಿಗಳು? ಇಡೀ ದೇಶದಲ್ಲಿ ಸಾವಿರಕ್ಕೆ ಮೂರು. ನಮ್ಮಲ್ಲಿ ಅಷ್ಟೂ ಇಲ್ಲ. ಹೆರುವವಳೂ ಅವಳೇ, ಹೊಟ್ಟೆ ಕೊಯ್ಯಿಸಿಕೊಳ್ಳುವವಳೂ ಅವಳೇ. ಆದರೆ ಎರಡರಲ್ಲಿ ಸುಲಭದ ಆಪರೇಷನ್ ಗಂಡಸಿನದು. ಅದನ್ನೇ ಮತ್ತೆ ಮತ್ತೆ ಹೇಳಲು ಬಂದಿದ್ದೇನೆ.

ಒಬ್ಬ ಕೊನೆಗೌಡರ ವಿಷಯ ಹೇಳಲೇಬೇಕು. ದಿನವಿಡೀ ಅಡಿಕೆ ಮರ ಹತ್ತುವ ಆಳು. ಹೆಂಡತಿಗೆ ಎರಡನೇ ಹೆರಿಗೆಯಾಗಿ ಮೈಯಲ್ಲಿ ರಕ್ತವೇ ಇರಲಿಲ್ಲ. ಆದರೂ ಆಪರೇಷನ್‌ಗೆ ಅವಳನ್ನೇ ಕರೆತಂದಿದ್ದರು. "ಇವಳಿಗೆ ಬೇಡ, ನೀವೇ ಮಾಡಿಸಿಕೊಳ್ಳಿ" ಎಂದೆ. ಜೊತೆಗಿದ್ದ ಅವಳ ಅತ್ತೆ ಎದ್ದು ನಿಂತರು: "ದುಡಿಯೋ ಗಂಡು ಡಾಕ್ಟ್ರೇ, ಶಕ್ತಿ ಹೋದ್ರೆ ಮರ ಯಾರು ಹತ್ತೋರು?" ಕೊನೆಗೌಡರು ಮಾತಾಡಲಿಲ್ಲ, ಹೆಂಡತಿಯ ಬಿಳಿಚಿದ ಮುಖ ನೋಡುತ್ತಾ ಕೂತಿದ್ದರು. ಆಮೇಲೆ "ಆಯ್ತು, ನಂಗೇ ಮಾಡಿ" ಎಂದರು.

ಟೇಬಲ್ ಮೇಲೆ ಮಲಗಿಸಿ ಮರಗಟ್ಟುವ ಇಂಜೆಕ್ಷನ್ ಕೊಟ್ಟೆ. ಬೀಜದ ಚೀಲದ ಚರ್ಮದಲ್ಲಿ, ನಡುಮಧ್ಯೆ, ಚೂಪು ಮೊನೆಯ ಫೋರ್ಸೆಪ್ಸ್‌ನಿಂದ ಒಂದು ಸಣ್ಣ ತೂತು. ಬ್ಲೇಡು ಇಲ್ಲ. ಚೀನಾದ ಡಾಕ್ಟರ್ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ವಿಧಾನ ಇದು. ವೀರ್ಯಾಣು ಸಾಗುವ ವೀರ್ಯನಾಳ ಬೆರಳಿಗೆ ಗಟ್ಟಿ ದಾರದ ಹಾಗೆ ಸಿಗುತ್ತದೆ. ಅದನ್ನು ಆ ತೂತಿನಿಂದ ಹೊರಗೆಳೆದು, ಕಟ್ಟಿ, ಒಂದು ತುಂಡು ಕತ್ತರಿಸಿ ತೆಗೆದು, ನಾಳವನ್ನು ಒಳಗೆ ಬಿಟ್ಟೆ. ಇನ್ನೊಂದು ಕಡೆಯದ್ದೂ ಅದೇ ತೂತಿನಿಂದ. "ಕತ್ತರಿ ಹಾಕೋವಾಗ ಹೇಳಿ ಡಾಕ್ಟ್ರೇ, ಕಣ್ಣು ಮುಚ್ಕೋತೀನಿ" ಎಂದರು. "ಎರಡೂ ಕಡೆ ಮುಗೀತು, ಏಳಿ" ಎಂದೆ. ಹೊಲಿಗೆಯೂ ಇಲ್ಲ, ಒಂದು ಪಟ್ಟಿ ಅಷ್ಟೆ. ಇಪ್ಪತ್ತು ನಿಮಿಷದ ಒಳಗಿನ ಕೆಲಸ. ಸ್ವಲ್ಪ ಹೊತ್ತು ಮಲಗಿದ್ದು, ಬಿಗಿ ಚಡ್ಡಿ ಹಾಕಿಕೊಂಡು ನಡೆದೇ ಬಸ್ ಸ್ಟ್ಯಾಂಡಿಗೆ ಹೋದರು. ವಾರ ಕಳೆದ ಮೇಲೆ ಬಂದು ತೋರಿಸಿದರು, ಗಾಯ ಮಾಯ್ದಿತ್ತು. ಆ ವರ್ಷವೂ ಮರ ಹತ್ತಿ ಅಡಿಕೆ ಗೊನೆ ಕೊಯ್ದದ್ದು ಅವರೇ.

ಶಕ್ತಿ ಹೋಗುವುದಿಲ್ಲ, ದಯವಿಟ್ಟು ಕೇಳಿಸಿಕೊಳ್ಳಿ! ಗಂಡಸುತನದ ಹಾರ್ಮೋನು ಬೀಜದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ, ನಾವು ಕಟ್ಟುವ ನಾಳದಲ್ಲಿ ಅದು ಬರುವುದೇ ಇಲ್ಲ. ಆಸೆ, ನಿಮಿರುವಿಕೆ, ಸ್ಖಲನ ಎಲ್ಲ ಮೊದಲಿನಂತೆಯೇ.

ಹೆದರಿಕೆಗೆ ಕಾರಣವೂ ಉಂಟು. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಷನ್ ಆಯಿತು, ಎಷ್ಟೋ ಕಡೆ ಬಲವಂತದಿಂದ. ಅದು ಅನ್ಯಾಯ. ಆದರೆ ಅಜ್ಜನ ಕಾಲದ ಆ ಭಯಕ್ಕೆ ಇವತ್ತಿನ ಹೆಂಡತಿ ಯಾಕೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕು?

ಸಮಯ ಮುಗಿಯುತ್ತಾ ಬಂತು, ಮುಖ್ಯವಾದದ್ದು ಹೇಳಿಬಿಡುತ್ತೇನೆ. ಒಂದು ವಾರ ಭಾರ ಎತ್ತಬೇಡಿ, ಸೈಕಲ್ ತುಳಿಯಬೇಡಿ. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಸಮಯ ಬೇಕು, ಅದಕ್ಕೆ ಮೂರು ತಿಂಗಳು ಕಾಂಡೋಮ್ ಬಳಸಿ. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂದು ರಿಪೋರ್ಟ್ ಬಂದ ಮೇಲೆ ನಿಶ್ಚಿಂತೆ. ಎಷ್ಟೋ ಮಂದಿ ಈ ಪರೀಕ್ಷೆ ತಪ್ಪಿಸಿ ನಂತರ ನಮ್ಮ ಮೇಲೆ ಸಿಟ್ಟಾಗುತ್ತಾರೆ.

ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಸರ್ಕಾರ ಇದಕ್ಕೆಂದೇ ಎರಡು ವಾರದ ಅಭಿಯಾನ ನಡೆಸುತ್ತದೆ. ಅಲ್ಲಿಯವರೆಗೆ ಕಾಯಬೇಕೆಂದಿಲ್ಲ. ನಾಳೆಯೇ ನಿಮ್ಮೂರ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ಡಾಕ್ಟರನ್ನೋ ವಿಚಾರಿಸಿ. ವಿಚಾರಿಸಲು ಹೆಂಡತಿಯನ್ನು ಕಳಿಸಬೇಡಿ, ನೀವೇ ಹೋಗಿ. ನಮಸ್ಕಾರ.