ಘಟ್ಟದ ದಾರಿಯಲ್ಲಿ ರೇಸ್ ಕಾರು

ಕೇಳುಗರಿಗೆ ನಮಸ್ಕಾರ.

ರೇಸಿಗೆಂದು ಕಟ್ಟಿದ ಹಳೆಯ ಕಾರೊಂದು ಅಂಕೋಲೆ ದಾಟಿ ಅರಬೈಲ್ ಘಟ್ಟ ಹತ್ತುತ್ತಿದೆ ಅಂದುಕೊಳ್ಳಿ. ಜೋರಾಗಿ ಓಡುವುದು ಅದಕ್ಕೆ ಸಲೀಸು. ನಿಧಾನ ಹೋಗುವುದೇ ಕಷ್ಟ.

ಜಾಗ್ವಾರ್ ಡಿ-ಟೈಪ್ ಕಾರನ್ನೇ ನೋಡೋಣ. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ 24 ತಾಸಿನ ಓಟವನ್ನು 1955, 1956, 1957ರಲ್ಲಿ ಸಾಲಾಗಿ ಗೆದ್ದ ಗಾಡಿ ಅದು. ಅದರ ಗಿಯರುಗಳೆಲ್ಲ ಭಾರೀ ವೇಗಕ್ಕೆ ಹೊಂದಿಸಿದಂಥವು. ಮುಂದೆ ತುಂಬಿದ ಲಾರಿಯೊಂದು ತೆವಳುತ್ತಾ ತಿರುವು ಏರುತ್ತಿದ್ದರೆ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಸಾಗಬೇಕು. ಪ್ಲೇಟು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಆ ಕಾಲದ ಅನೇಕ ರೇಸ್ ಕಾರುಗಳ ರೇಡಿಯೇಟರಿಗೆ ಫ್ಯಾನೇ ಇರುತ್ತಿರಲಿಲ್ಲ, ಓಡುವಾಗ ನುಗ್ಗುವ ಗಾಳಿ ಸಾಕಾಗುತ್ತಿತ್ತು. ಘಟ್ಟದ ಜಾಮಿನಲ್ಲಿ ನಿಂತರೆ ನೀರು ಕುದಿಯಲು ಹೆಚ್ಚು ಹೊತ್ತು ಬೇಡ. ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ, ಜೋರು ಓಟಕ್ಕೆಂದು ಹಾಕಿದ ಪ್ಲಗ್ಗುಗಳಿಗೂ ಅದೇ ಪಾಡು, ನಿಧಾನವಾದರೆ ಮಸಿ ಹಿಡಿಯುತ್ತವೆ. ಅದಕ್ಕೇ ರಸ್ತೆಗೆ ಇಳಿಸುವವರು ಪ್ಲಗ್ ಬದಲಿಸಿ, ಕಣ್ಣಿಗೆ ಬೀಳದ ಕಡೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸುತ್ತಾರೆ. ಮೂಲ ರೂಪ ಕೆಟ್ಟಿತೆಂದು ಬೇಸರಪಡುವವರಿದ್ದಾರೆ. ನಾನಂತೂ ಫ್ಯಾನಿನ ಪರ.

ಯಾಕೆಂದರೆ ಇವು ರಸ್ತೆಯ ಮಕ್ಕಳೇ. ಇಟಲಿಯ ಮಿಲ್ಲೆ ಮಿಲ್ಯಾ ಓಟ ನಡೆಯುತ್ತಿದ್ದದ್ದು ಊರು-ಕೇರಿಗಳ ನಡುವಿನ ಸಾಮಾನ್ಯ ರಸ್ತೆಗಳಲ್ಲಿ. 1955ರಲ್ಲಿ ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಸುಮಾರು 1600 ಕಿಲೋಮೀಟರನ್ನು 10 ತಾಸು 7 ನಿಮಿಷದಲ್ಲಿ ಮುಗಿಸಿದರು. ಪಕ್ಕದಲ್ಲಿ ಕೂತ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ಕಾಗದದ ಸುರುಳಿಯಲ್ಲಿ ಬರೆದಿಟ್ಟ ತಿರುವುಗಳನ್ನು ನೋಡಿ ಕೈಸನ್ನೆಯಲ್ಲೇ ದಾರಿ ಹೇಳಿದರು. 1957ರ ಅಪಘಾತದಲ್ಲಿ ದಾರಿಬದಿಯ ಮಕ್ಕಳೂ ಸತ್ತ ಮೇಲೆ ಆ ಓಟ ನಿಂತಿತು. ನಿಲ್ಲಿಸಿದ್ದು ಸರಿ. ಜನ ಓಡಾಡುವ ರಸ್ತೆಯಲ್ಲಿ ಪೈಪೋಟಿ ಬೇಡವೇ ಬೇಡ. ಸುಮ್ಮನೆ ಓಡಿಸುವುದು ಬೇರೆ ಮಾತು.

ಹಾಗೆಂದು ಶೆಡ್ಡಿನಲ್ಲಿ ಬೀಗ ಹಾಕಿಟ್ಟರೆ ಉಳಿಯುತ್ತದೆಯೇ? ಕಾರವಾರದ ಉಪ್ಪುಗಾಳಿ ಬಿಡುವುದಿಲ್ಲ. ಅಲ್ಯೂಮಿನಿಯಂ ಮೈ ಉಕ್ಕಿನ ಚೌಕಟ್ಟಿಗೆ ತಾಗುವ ಕಡೆ ಉಪ್ಪಿನ ಪಸೆ ಕೂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಕಡಲದಂಡೆಯಲ್ಲಿ ಸುತ್ತಾಡಿ ಬಂದ ಗಾಡಿಯನ್ನು ಅಂದೇ ಸಿಹಿನೀರಲ್ಲಿ ತೊಳೆದು ಒಣಗಿಸಬೇಕು.

ನಮ್ಮ ಕಾನೂನಿನಲ್ಲೂ ಒಂದು ಮಿತಿಯಿದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿ ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಅಂಥ ಗಾಡಿ ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲಿಗೆ, ರಿಪೇರಿಗೆ ರಸ್ತೆಗೆ ಬರಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಅವಕಾಶವಿಲ್ಲ.

ಲಾರಿ, ಬಸ್ಸು ಓಡಿಸುವ ಅಣ್ಣಂದಿರಿಗೆ ಒಂದು ಮಾತು. ಈ ಕಾರಿನಲ್ಲಿ ಕೂತವನ ತಲೆ ನಿಮ್ಮ ಗಾಲಿಯ ಎತ್ತರಕ್ಕೇ ಇರುತ್ತದೆ, ಕನ್ನಡಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಅಂಥದೊಂದು ಎದುರಾದರೆ ಸ್ವಲ್ಪ ಜಾಗ ಬಿಡಿ. ಹಿಂದಿದ್ದರೆ ತೀರಾ ಹತ್ತಿರ ಹೋಗಬೇಡಿ.

ನಮಸ್ಕಾರ.